ಕೈ ಹಾಕಬಾರದ ಕೆಲಸ

ಜನವರಿ 9

ಅತ್ತೆಗೆ,

ನೀವು ಹೊರಟ ಮೇಲೆ ಮನೆಯಲ್ಲಿ ಎಲ್ಲವೂ ಇದ್ದಲ್ಲೇ ಇದೆ, ನಿಮ್ಮ ಮಗನ ಕನ್ನಡಕವೊಂದನ್ನು ಬಿಟ್ಟು. ಅದನ್ನು ದಿನಾ ಹುಡುಕಿಕೊಡುವ ಕೆಲಸ ಈಗ ನನ್ನ ಪಾಲಿಗೆ ಬಂದಿದೆ. ಕೆಮ್ಮು ಹಾಗೇ ಇದೆ, ಡಾಕ್ಟರ ಬಳಿ ಹೋಗುವುದಿಲ್ಲ ಎಂಬ ಹಟವೂ ಹಾಗೇ ಇದೆ. ನಾದಿನಿಗೆ ದಿನ ತುಂಬಿದೆ, ಇಂದೋ ನಾಳೆಯೋ ಅಂತೆ. ಅವಳ ಮನೆಯಲ್ಲಿ ನೀವಿದ್ದೀರಿ ಎಂಬುದೇ ನಮಗೆ ಧೈರ್ಯ.

ಫೋನಿನಲ್ಲಿ ನಾನು ಕೂಗುವುದು, ನೀವು "ಏನೂ? ಏನಂದೆ?" ಎನ್ನುವುದು, ಕೊನೆಗೆ ನಾದಿನಿ ನಡುವೆ ನಿಂತು ಇಬ್ಬರಿಗೂ ದುಭಾಷಿಯಾಗುವುದು, ಇಷ್ಟೆಲ್ಲ ಬೇಡವೆಂದು ಕಾಗದಕ್ಕೆ ಕೂತಿದ್ದೇನೆ. ಮೂವತ್ತು ವರ್ಷ ಆಸ್ಪತ್ರೆಯ ಲಾಂಡ್ರಿ ಮೆಷಿನ್ನುಗಳ ಪಕ್ಕ ನಿಂತ ಕಿವಿಗೆ ಇನ್ನೂ ಕಷ್ಟ ಕೊಡಬಾರದು. ಅದೂ ಅಲ್ಲದೆ ಈ ವಿಷಯ ದುಭಾಷಿಯ ಮೂಲಕ ಹೇಳುವಂಥದ್ದಲ್ಲ.

ಮೊನ್ನೆ ಪಾಳಿ ಮುಗಿಸಿ ಕೈಗವಸು ಬಿಚ್ಚುತ್ತಿದ್ದಾಗ ಮ್ಯಾನೇಜರ್ ಕರೆದರು. ಅವರು ಕರೆದರೆ ಏನೋ ಒಡೆದಿದೆ ಎಂದೇ ಅರ್ಥ. ಯಾವ ಪೆಟ್ಟಿಗೆಯಪ್ಪಾ ಎಂದು ಯೋಚಿಸುತ್ತಲೇ ಹೋದೆ. ಕುರ್ಚಿ ತೋರಿಸಿದರು. ಪಾರ್ಸೆಲ್ ಕಂಪನಿಗೆ ಸೇರಿದ ಮೇಲೆ ಆ ಕೋಣೆಯಲ್ಲಿ ನಾನು ಕೂತದ್ದು ಅದೇ ಮೊದಲು.

"ಬೆಳಗಿನ ಪಾಳಿಗೆ ಸೂಪರ್‌ವೈಸರ್ ಬೇಕು. ಅರ್ಧ ದಿನದ ಕೆಲಸ, ಈಗ ನೀವು ಬರೋ ಹೊತ್ತೇ. ಹೊಸಬರಿಗೆಲ್ಲ ನೀವೇ ಹೇಳಿಕೊಡ್ತಿರೋದು ನೋಡಿದ್ದೀನಿ. ಆಗ್ತೀರಾ?" ಎಂದರು.

ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಎರಡು ವಿಷಯ ಗಂಟಲಲ್ಲಿ ಸಿಕ್ಕಿಕೊಂಡಿವೆ. ಮೊದಲನೆಯದು, ಸೂಪರ್‌ವೈಸರ್ ಆದವರು ಪೆಟ್ಟಿಗೆ ಮುಟ್ಟುವಂತಿಲ್ಲ. ಮುಟ್ಟಿದರೆ ಲೋಡರ್‌ಗಳ ಕೆಲಸ ಕಸಿದುಕೊಂಡಂತೆ, ಕಾರ್ಮಿಕ ಸಂಘದವರು ದೂರು ಕೊಡಬಹುದು. ನನ್ನ ಕೆಲಸ ನೀವು ಕಣ್ಣಾರೆ ನೋಡಿಲ್ಲ. ಉದ್ದನೆಯ ಶೆಡ್ಡು, ನಡುವೆ ಪೆಟ್ಟಿಗೆ ಸಾಗಿಸುವ ಬೆಲ್ಟು, ಎರಡೂ ಬದಿಗೆ ಬೆನ್ನು ತಿರುಗಿಸಿ ನಿಂತ ಲಾರಿಗಳು. ಒಂದೊಂದು ಲಾರಿಯೊಳಗೆ ಒಬ್ಬೊಬ್ಬ ಲೋಡರ್. ಬೆಲ್ಟಿನಿಂದ ಇಳಿದು ಬಂದ ಪೆಟ್ಟಿಗೆಗಳನ್ನು ನೆಲದಿಂದ ಛಾವಣಿಯವರೆಗೆ ಗೋಡೆ ಕಟ್ಟಿದ ಹಾಗೆ ಜೋಡಿಸುತ್ತಾ ಹಿಂದೆ ಹಿಂದೆ ಬರಬೇಕು. ಭಾರದ್ದು ಕೆಳಗೆ, ಮೆತ್ತನೆಯದು ಮೇಲೆ, ಒಂದರ ಸಂದಿನ ಮೇಲೆ ಇನ್ನೊಂದರ ಹೊಟ್ಟೆ. ನನಗೆ ಇದನ್ನು ಕಲಿಸಿದ ಹಿರಿಯ ಲೋಡರನ್ನು ನಾವೆಲ್ಲ ಮೇಸ್ತ್ರಿ ಎಂದೇ ಕರೆಯುವುದು. ಅವರು ಕಟ್ಟಿದ ಗೋಡೆ ಊರಾಚೆ ಹೋದ ಮೇಲೂ ಒಂದು ಪೆಟ್ಟಿಗೆ ಅಲುಗಿರುವುದಿಲ್ಲ. ಅವರಷ್ಟಲ್ಲದಿದ್ದರೂ ನನ್ನದೂ ಪರವಾಗಿಲ್ಲ. ಚೆನ್ನಾಗಿ ಬರುವ ಒಂದೇ ಕೆಲಸವನ್ನು ಬಿಟ್ಟು ಕೈ ಕಟ್ಟಿ ನಿಲ್ಲುವುದು ಹೇಗೆ?

ಎರಡನೆಯದು ನಿಮಗೆ ಗೊತ್ತಿರುವುದೇ. ವ್ಯಾನ್ ಓಡಿಸುವ ಕೆಲಸಕ್ಕೆ ನಮ್ಮಲ್ಲಿ ಸರದಿ ಇದೆ. ನನ್ನ ಮುಂದೆ ಈಗ ಇಬ್ಬರೇ. ಆರು ವರ್ಷದಿಂದ ಪಾರ್ಸೆಲ್ಲುಗಳ ಬೆನ್ನು ನೋಡಿ ಕಳಿಸಿದ್ದೇನೆ, ಅವು ಹೋಗಿ ಸೇರುವ ಒಂದು ಬಾಗಿಲನ್ನೂ ನೋಡಿಲ್ಲ. ಸೂಪರ್‌ವೈಸರ್ ಆದರೆ ಸರದಿಯಿಂದ ಹೆಸರು ಹೋಗುತ್ತದೆ. ಮಾರ್ಚ್ ಕೊನೆಯವರೆಗೆ ಮಾಡಿ ನೋಡಿ, ಆಮೇಲೆ ಹೇಳಿ, ಅಲ್ಲಿಯವರೆಗೆ ಸರದಿ ಹಾಗೇ ಇರುತ್ತದೆ ಎಂದಿದ್ದಾರೆ.

ನಿಮ್ಮ ಮಗನನ್ನು ಕೇಳಿದರೆ "ನಿನಗೆ ಹೇಗೆ ಅನಿಸುತ್ತೋ ಹಾಗೆ" ಎಂದು ಪೇಪರ್ ತಿರುವಿದರು. ಕನ್ನಡಕ ಇರಲಿಲ್ಲ, ಏನು ಓದುತ್ತಿದ್ದರೋ. ನೀವು ಹೇಳಿ ಅತ್ತೆ, ಆಗಲೋ ಬೇಡವೋ? ನೀವು ಹೇಳಿದ ಹಾಗೆ ಮಾಡುತ್ತೇನೆ.

ನಿಮ್ಮ ಉತ್ತರಕ್ಕೆ ಕಾಯುವ
ಸೊಸೆ

*

ಜನವರಿ 22

ಮಗಳೇ,

ಹೆಣ್ಣುಮಗು ಎಂದು ಫೋನಿನಲ್ಲಿ ನಿಮಗೆಲ್ಲ ಗೊತ್ತಾಗಿರುತ್ತದೆ. ಮೂಗು ನಮ್ಮ ಕಡೆಯದು ಎಂದು ಅಳಿಯ ಹೇಳಿರುವುದಿಲ್ಲ, ಅದನ್ನು ನಾನು ಹೇಳುತ್ತೇನೆ. ತಾಯಿ ಮಗು ಇಬ್ಬರೂ ಗಟ್ಟಿಯಾಗಿದ್ದಾರೆ. ನಿದ್ದೆ ಮಾತ್ರ ಈ ಮನೆಯಲ್ಲಿ ಯಾರಿಗೂ ಇಲ್ಲ, ನನ್ನೊಬ್ಬಳನ್ನು ಬಿಟ್ಟು. ಕಿವಿ ಕೇಳದಿದ್ದರೆ ಇಂಥ ಲಾಭವೂ ಇರುತ್ತದೆ.

ಅರ್ಧ ದಿನದ ಸೂಪರ್‌ವೈಸರ್ ಎಂದರೆ ಏನು ಎಂದು ಬಹಳ ಯೋಚಿಸಿದೆ. ಅರ್ಧ ಜನರ ಮೇಲೋ, ಎಲ್ಲರ ಮೇಲೆ ಅರ್ಧ ಜೋರಿನಲ್ಲೋ? ಇರಲಿ. ಪಕ್ಕದ ಮನೆಯಾಕೆ ತನ್ನ ಸೊಸೆ ಬ್ಯಾಂಕಿನಲ್ಲಿದ್ದಾಳೆ ಎಂದು ದಿನಕ್ಕೆರಡು ಸಲ ಹೇಳುತ್ತಾಳೆ. ನಿನ್ನೆ ನನಗೂ ಬಾಯಿ ತಡೆಯಲಿಲ್ಲ. ನಮ್ಮ ಸೊಸೆ ಪಾರ್ಸೆಲ್ ಕಂಪನಿಯಲ್ಲಿ ಆಫೀಸರ್ ಎಂದುಬಿಟ್ಟೆ. ನೀನು ಒಪ್ಪದಿದ್ದರೂ ನಾನು ವಾಪಸ್ ಹೋಗಿ ಹೇಳುವವಳಲ್ಲ, ಅದರ ಚಿಂತೆ ನಿನಗೆ ಬೇಡ.

ಆ ಮೇಸ್ತ್ರಿಯ ವಿಷಯ ಓದಿ ಸಂತೋಷವಾಯಿತು. ಅಂಥವರ ಕೈ ಕೆಳಗೆ ಕಲಿಯುವುದೂ ಒಂದು ಪುಣ್ಯ. ನಿನ್ನ ಕೈಯ ಅಚ್ಚುಕಟ್ಟು ನನಗೆ ಗೊತ್ತಿಲ್ಲದ್ದೇನಲ್ಲ. ನೀನು ನಿನ್ನ ಬೀರು ಜೋಡಿಸಿದ ಮೇಲೆ ಅದರಿಂದ ಒಂದು ಸೀರೆ ಎಳೆಯಲು ನನಗೆ ಮನಸ್ಸೇ ಬರುವುದಿಲ್ಲ. ಎದುರಿಗೆ ಎಂದೂ ಹೇಳಿಲ್ಲ, ಹೇಳಿದರೆ ನೀನು ನನ್ನ ಬೀರುವನ್ನೂ ಜೋಡಿಸಲು ಬರುತ್ತೀಯ ಎಂಬ ಭಯ.

ಒಂದು ಕೇಳುತ್ತೇನೆ. ಅಲ್ಲಿ ಸೂಪರ್‌ವೈಸರ್‌ಗಳು ಕಿರುಚುತ್ತಾರೋ? ಸುಮ್ಮನೆ ಕೇಳಿದೆ.

ಆಗಲೋ ಬೇಡವೋ ಎಂದು ನೀನು ಕೇಳಿದ್ದನ್ನು ಓದಿದೆ. ಮಗು ಎದ್ದಿದೆ ಅಂತೆ, ಕರೆಯುತ್ತಿದ್ದಾರೆ. ನನ್ನ ಮಗನಿಗೆ ಬಿಸಿನೀರು ಕುಡಿಯಲು ಹೇಳು. ಡಾಕ್ಟರ ಬಳಿ ಹೋಗದಿದ್ದರೆ ನಾನೇ ಬರುತ್ತೇನೆ ಎಂದೂ ಹೇಳು, ಆಗ ಹೋಗುತ್ತಾನೆ.

ನಿನ್ನ ಅತ್ತೆ

*

ಫೆಬ್ರವರಿ 8

ಅತ್ತೆ,

ನೀವು ಬರುತ್ತೀರಿ ಎಂದ ಮರುದಿನವೇ ಡಾಕ್ಟರ ಬಳಿ ಹೋಗಿ ಬಂದರು. ಬರೀ ಧೂಳಿನ ಕೆಮ್ಮಂತೆ.

ನನ್ನ ವಿಷಯ ಹೇಳುವುದಕ್ಕೆ ಮುಖವಿಲ್ಲ. ಆದರೂ ಹೇಳುತ್ತೇನೆ.

ಮಾರ್ಚ್‌ವರೆಗೆ ಮಾಡಿ ನೋಡಲು ಒಪ್ಪಿದೆ, ಸೂಪರ್‌ವೈಸರ್‌ಗಳ ಬಣ್ಣದ ಜಾಕೆಟ್ಟು ಕೊಟ್ಟರು. ಅದನ್ನು ಹಾಕಿಕೊಂಡು ಮೊದಲ ದಿನ ಶೆಡ್ಡಿಗೆ ಕಾಲಿಟ್ಟಾಗ ಎಲ್ಲರೂ ಎದ್ದು ಸಲಾಮು ಹೊಡೆದು ನಕ್ಕರು, ನಾನೂ ನಕ್ಕೆ. ಚಹಾದ ಹೊತ್ತಿಗೆ ನಗು ನಿಂತಿತು. ನಾವು ಯಾವಾಗಲೂ ಕೂರುವ ಬೆಂಚಿನ ಬಳಿ ಹೋದೆ. ಜಾಗ ಬಿಟ್ಟರು, ಆದರೆ ಯಾರನ್ನೋ ಬೈಯುತ್ತಿದ್ದ ಮಾತು ಅರ್ಧಕ್ಕೆ ನಿಂತುಹೋಯಿತು. ಇಷ್ಟು ವರ್ಷ ಆ ಬೈಗುಳದಲ್ಲಿ ನನ್ನದೂ ಪಾಲಿತ್ತು. ಚಹಾವನ್ನು ಬೇಗ ಬೇಗ ಕುಡಿದು ಎದ್ದುಬಂದೆ.

ಕಿರುಚುತ್ತಾರೋ ಎಂದು ಕೇಳಿದ್ದಿರಿ. ಕಿರುಚಲೇಬೇಕು ಅತ್ತೆ. ಬೆಲ್ಟಿನ ಸದ್ದು ಹಾಗಿದೆ. ಒಳ್ಳೆಯ ಮಾತನ್ನೂ ಕಿರುಚಿಯೇ ಹೇಳಬೇಕು. ಮನೆಗೆ ಬಂದು "ಉಪ್ಪು ಕೊಡಿ" ಎಂದರೆ ನಿಮ್ಮ ಮಗ ಬೆಚ್ಚಿಬೀಳುತ್ತಾರೆ.

ಈಗ ಅಸಲಿ ಸಂಗತಿ. ಹೊಸದಾಗಿ ಸೇರಿದ ಒಬ್ಬರಿದ್ದಾರೆ. ನಿಮಗಿಂತ ಒಂದು ಹತ್ತು ವರ್ಷ ಚಿಕ್ಕವರಿರಬಹುದು, ಮೊದಲು ಸ್ವಂತ ಹೊಲಿಗೆ ಅಂಗಡಿ ಇಟ್ಟಿದ್ದರಂತೆ. ಎಲ್ಲರೂ ಟೈಲರಮ್ಮ ಎನ್ನುತ್ತಾರೆ. ಒಂದೊಂದು ಪೆಟ್ಟಿಗೆಯನ್ನೂ ಅಳತೆ ತೆಗೆಯುವವರ ಹಾಗೆ ತಿರುಗಿಸಿ ನೋಡಿ ಇಡುತ್ತಾರೆ. ಗೋಡೆ ಬಹಳ ಚೆಂದ, ಆದರೆ ಬೆಲ್ಟು ಕಾಯಬೇಕಲ್ಲ. ಮೊನ್ನೆ ಅವರು ಮುಳುಗಿದರು. ಪೆಟ್ಟಿಗೆಗಳು ಬಂದು ಬಂದು ಲೋಡರ್ ಸುತ್ತ ಗುಡ್ಡೆಯಾಗಿ ಆಚೆಗೆ ಕಾಣದಂತಾಗುವುದನ್ನು ನಾವು ಮುಳುಗುವುದು ಎನ್ನುತ್ತೇವೆ. ನಾನು ಲಾರಿಯ ಬಾಯಲ್ಲಿ ನಿಂತು ನೋಡಿದರೆ ಆ ಗುಡ್ಡೆಯ ಮೇಲೆ ಅವರ ತಲೆಗೆ ಕಟ್ಟಿದ ಬಟ್ಟೆ ಮಾತ್ರ ಕಾಣುತ್ತಿದೆ. ಬೆಲ್ಟು ಇನ್ನೂ ತಳ್ಳುತ್ತಲೇ ಇದೆ.

ನನ್ನ ಕೈ ನನ್ನ ಮಾತು ಕೇಳಲಿಲ್ಲ. ಒಳಗೆ ನುಗ್ಗಿದೆ. ಇಬ್ಬರೂ ಸೇರಿ ಬಾಚಿ ಬಾಚಿ ಗೋಡೆ ಎಬ್ಬಿಸಿದೆವು. ಎಷ್ಟು ದಿನದ ಮೇಲೆ ಬೆವರು ಬಂತು, ಎಷ್ಟು ಹಾಯೆನಿಸಿತು ಗೊತ್ತೇ? ಹೊರಗೆ ಬಂದಾಗ ಟೈಲರಮ್ಮನ ಕಣ್ಣಲ್ಲಿ ನೀರಿತ್ತು. ನಾನು ಇಂಥ ಸೂಪರ್‌ವೈಸರ್ ಆಗುತ್ತೇನೆ, ಜನರ ಜೊತೆ ನಿಲ್ಲುವವಳು, ಎಂದು ನನಗೆ ನಾನೇ ಹೇಳಿಕೊಂಡೆ.

ಪಾಳಿ ಮುಗಿಯುವ ಹೊತ್ತಿಗೆ ನನ್ನ ಮೇಲೆ ದೂರು ಬಂದಿತ್ತು. ಕೊಟ್ಟವರು ಟೈಲರಮ್ಮನಲ್ಲ. ಮೇಸ್ತ್ರಿ.

ನನಗೆ ಎರಡು ಕೈಯಿಂದ ಪೆಟ್ಟಿಗೆ ಹಿಡಿಯುವುದನ್ನು ಕಲಿಸಿದವರು, ಬೆನ್ನು ಬಗ್ಗಿಸಬೇಡ ಮೊಣಕಾಲು ಬಗ್ಗಿಸು ಎಂದು ಬೈದವರು, ನಾನು ಜ್ವರದಲ್ಲಿ ಬಂದ ದಿನ ತಮ್ಮ ಲಾರಿ ಮುಗಿಸಿ ನನ್ನದಕ್ಕೂ ಬಂದವರು. ಅದೇ ಮೇಸ್ತ್ರಿ ನನ್ನ ಎದುರೇ ಸಂಘದವರಿಗೆ "ಹೌದು, ಇವಳು ಪೆಟ್ಟಿಗೆ ಮುಟ್ಟಿದಳು, ನಾನು ನೋಡಿದೆ" ಎಂದರು. ಮ್ಯಾನೇಜರ್ ಒಂದು ಎಚ್ಚರಿಕೆ ಕೊಟ್ಟು ಬಿಟ್ಟರು. ನಾನು ಮನೆಗೆ ಬಂದು ಬಚ್ಚಲಲ್ಲಿ ಕೂತು ಅತ್ತುಬಿಟ್ಟೆ. ನಿಮ್ಮ ಮಗನಿಗೆ ಗೊತ್ತಾಗದಿರಲಿ ಎಂದು ನಲ್ಲಿ ಬಿಟ್ಟಿದ್ದೆ.

ಜಾಕೆಟ್ಟು ವಾಪಸ್ ಕೊಟ್ಟುಬಿಡಲೇ? ಒಂದು ಮಾತು ಹೇಳಿ.

ನಿಮ್ಮ ಸೊಸೆ

*

ಫೆಬ್ರವರಿ 17

ಮಗಳೇ,

ಕಾಗದ ಓದಿ ಆ ಮೇಸ್ತ್ರಿಯ ಮೇಲೆ ಎಷ್ಟು ಸಿಟ್ಟು ಬಂತೆಂದರೆ ಅಳಿಯನ ಅಂಗಿಗೆ ಇಸ್ತ್ರಿ ಹಾಕುತ್ತಿದ್ದವಳು ಅದರ ತೋಳು ಸುಟ್ಟುಬಿಟ್ಟೆ. ಮೂವತ್ತು ವರ್ಷ ಲಾಂಡ್ರಿಯಲ್ಲಿದ್ದವಳು ಒಂದು ತೋಳು ಸುಟ್ಟಿದ್ದಿಲ್ಲ. ಅವನು ಸಿಕ್ಕರೆ ಆ ಅಂಗಿಯನ್ನೇ ಅವನಿಗೆ ತೊಡಿಸಬೇಕು.

ಇಲ್ಲಿಯ ಸುದ್ದಿ ಕೇಳು. ಮೊದಲ ವಾರಗಳಲ್ಲಿ ಮಗುವಿಗೆ ಸ್ನಾನ ಮಾಡಿಸುತ್ತಿದ್ದವಳು ನಾನೇ. ಮೊನ್ನೆ ನಿನ್ನ ನಾದಿನಿ "ಇವತ್ತು ನಾನು ಮಾಡಿಸ್ತೀನಿ" ಎಂದಳು. ಸರಿ ಎಂದೆ. ನೀರು ಹೆಚ್ಚು ಬಿಸಿಯಾಯಿತೇನೋ ಎಂದು ಕೈ ಅದ್ದಲು ಹೋದೆ. "ಅಮ್ಮಾ, ಕೈ ತೆಗಿ" ಎಂದಳು. ಮಗುವಿನ ಕುತ್ತಿಗೆ ಹಿಡಿದದ್ದು ಸರಿಯಿಲ್ಲವೆಂದು ನನಗೆ ಅನಿಸಿತು, ಕೈ ತಾನಾಗಿ ಮುಂದೆ ಹೋಯಿತು. ಮತ್ತೆ "ಅಮ್ಮಾ" ಎಂದಳು. ನನಗೆ ಕೇಳುವುದಿಲ್ಲ ಎಂದು ನಟಿಸಿದೆ. ಅವಳು ನನ್ನ ಮುಖದ ಎದುರೇ ಬಂದು, ಕಣ್ಣಲ್ಲಿ ಕಣ್ಣಿಟ್ಟು, ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು: "ನೀನು ಹೀಗೇ ಮಾಡ್ತಿದ್ರೆ ನೀನು ಹೋದ ದಿನ ನಾನು ಏನು ಮಾಡ್ಲಿ?"

ಸ್ಟೂಲಿನ ಮೇಲೆ ಕೂತು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡೆ. ನಂಬಿದರೆ ನಂಬು, ಬೆಡ್‌ಶೀಟುಗಳ ಮೂಟೆ ಹೊತ್ತ ದಿನಗಳಲ್ಲೂ ನನಗೆ ಅಷ್ಟು ದಣಿವಾಗಿರಲಿಲ್ಲ. ಸೋಪು ಜಾರಿತು, ಕಿವಿಯ ಹಿಂದೆ ನೊರೆ ಉಳಿಯಿತು, ಮಗು ಮನೆ ಕಿತ್ತುಹೋಗುವ ಹಾಗೆ ಅತ್ತಿತು. ನನಗೇ ಕೇಳಿಸಿತೆಂದರೆ ಲೆಕ್ಕ ಹಾಕು. ಆದರೆ ಟವೆಲ್ಲಿನಲ್ಲಿ ಸುತ್ತಿ ಎತ್ತಿಕೊಂಡಾಗ ಇವಳ ಮುಖ ನೋಡಬೇಕಿತ್ತು ನೀನು. ನನ್ನ ಮಗಳು ನನಗೆ ಅಷ್ಟು ದೊಡ್ಡವಳಾಗಿ ಅದೇ ಮೊದಲು ಕಂಡದ್ದು.

ಜಾಕೆಟ್ಟಿನ ವಿಷಯ ನನ್ನನ್ನು ಕೇಳಬೇಡ. ದೂರು ಕೊಟ್ಟವರನ್ನೇ ಹೋಗಿ ಕೇಳು, ಯಾಕೆ ಕೊಟ್ಟಿರಿ ಎಂದು. ಬಚ್ಚಲಲ್ಲಿ ಅಳುವುದಾದರೆ ನಲ್ಲಿ ಬಿಡಬೇಡ, ನೀರು ದಂಡ. ಅವನಿಗೆ ಗೊತ್ತಾದರೆ ಆಗಲಿ, ಗಂಡ ಇರುವುದು ಮತ್ತೇನಕ್ಕೆ?

ಅಂಗಿ ಸುಟ್ಟ
ನಿನ್ನ ಅತ್ತೆ

*

ಮಾರ್ಚ್ 4

ಅತ್ತೆ,

ಕೇಳಿದೆ. ಕೇಳುವುದಕ್ಕೆ ಇಷ್ಟು ದಿನ ಬೇಕಾಯಿತು, ಏಕೆಂದರೆ ನಾನು ಮುಖ ಊದಿಸಿಕೊಂಡು ಓಡಾಡುತ್ತಿದ್ದೆ, ಅವರು ನಾನು ಮುಖ ಊದಿಸಿಕೊಂಡಿದ್ದೇನೆ ಎಂಬುದನ್ನೇ ಗಮನಿಸುತ್ತಿರಲಿಲ್ಲ. ಅದು ಇನ್ನೂ ಸಿಟ್ಟು ತರಿಸುತ್ತಿತ್ತು.

ನಿನ್ನೆ ಪಾಳಿ ಮುಗಿದ ಮೇಲೆ ಅವರು ಲಾರಿಯ ಹಿಂಬದಿಯಲ್ಲಿ ಕೂತು ಶೂ ದಾರ ಬಿಚ್ಚುತ್ತಿದ್ದರು. ಎದುರಿಗೆ ನಿಂತೆ.

"ಯಾಕೆ ಮೇಸ್ತ್ರಿ? ನಾನು ತಪ್ಪು ಮಾಡಿದ್ರೆ ನನಗೇ ಬೈಬಹುದಿತ್ತು."

"ಬೈದಿದ್ರೆ ಮತ್ತೆ ಮಾಡ್ತಿದ್ದೆ. ನಿನಗೆ ನನ್ನ ಬೈಗುಳ ರೂಢಿ" ಎಂದರು.

"ಅವರು ಮುಳುಗಿದ್ರು."

"ಮುಳುಗಿದ್ರು. ನೀನು ಎತ್ತಿದೆ. ಮೇಲಿನವರಿಗೆ ಏನು ಕಾಣಿಸ್ತು? ಅಷ್ಟೂ ಪೆಟ್ಟಿಗೆಗೆ ಒಬ್ಬರೇ ಸಾಕು ಅಂತ ಕಾಣಿಸ್ತು. ಲಾರಿ ಸರಿಯಾದ ಹೊತ್ತಿಗೆ ಹೋಯ್ತಲ್ಲ. ನಾಳೆ ನೀನು ರಜಾ ಹಾಕ್ತೀಯ, ಇಲ್ಲ ವ್ಯಾನ್ ಹತ್ತಿ ಹೋಗ್ತೀಯ. ಬೆಲ್ಟು ಅಷ್ಟೇ ಓಡುತ್ತೆ, ಟೈಲರಮ್ಮ ಒಬ್ಬರೇ ಇರ್ತಾರೆ. ಆಗ ಯಾರು ಎತ್ತೋದು?"

ಅವರು ಶೂ ಕೊಡವಿ, ಶೆಡ್ಡಿನ ನಡುವಿನ ಕಂಬ ತೋರಿಸಿದರು. ಅದರಲ್ಲಿ ಅಂಗೈಯಗಲದ ಕೆಂಪು ಗುಂಡಿ ಇದೆ. ಒತ್ತಿದರೆ ಬೆಲ್ಟು ನಿಲ್ಲುತ್ತದೆ.

"ಸೂಪರ್‌ವೈಸರ್ ಕೈಗೆ ಕೊಟ್ಟಿರೋದು ಅದೊಂದೇ. ನಾವೂ ಒತ್ತಬಹುದು, ಯಾರದಾದ್ರೂ ಬೆರಳು ಸಿಕ್ಕಿಕೊಂಡ್ರೆ. ಬೆರಳು ಸಿಕ್ಕಿಕೊಳ್ಳೋ ಮೊದಲೇ ಒತ್ತೋ ಅಧಿಕಾರ ನಿನಗೆ ಮಾತ್ರ. ನಾನು ಬಂದಾಗಿನಿಂದ ಎಷ್ಟು ಜನ ಈ ಜಾಕೆಟ್ಟು ಹಾಕಿದ್ರು. ಕೆಲವರು ಕಿರುಚಿದ್ರು, ಕೆಲವರು ನಿನ್ನ ಹಾಗೆ ಒಳಗೆ ನುಗ್ಗಿದ್ರು. ಆ ಗುಂಡಿ ಒತ್ತಿದವರನ್ನ ನಾನು ನೋಡಿಲ್ಲ."

"ಒತ್ತಿದ್ರೆ ಲಾರಿ ತಡವಾಗುತ್ತೆ. ಮ್ಯಾನೇಜರ್‌ಗೆ ಮೇಲಿಂದ ಫೋನ್ ಬರುತ್ತೆ. ನನ್ನನ್ನ ಸುಮ್ಮನೆ ಬಿಡ್ತಾರಾ?"

"ಬಿಡಲ್ಲ. ಅದಕ್ಕೇ ಯಾರೂ ಒತ್ತಲ್ಲ" ಎಂದು ಶೂ ಹಾಕಿಕೊಂಡು ಹೊರಟುಹೋದರು. ಸಮಾಧಾನದ ಒಂದು ಮಾತಿಲ್ಲ. ಆದರೂ ಅತ್ತೆ, ಮನೆಗೆ ನಡೆದು ಬರುವಾಗ ಈ ಮನುಷ್ಯನ ಮೇಲೆ ನನಗಿದ್ದ ಗೌರವ ಇಮ್ಮಡಿಯಾಗಿತ್ತು. ತಾವೇ ಕಲಿಸಿದವಳ ಮೇಲೆ, ತಮಗೆ ಇಷ್ಟವಾದವಳ ಮೇಲೆ, ಇನ್ನೊಬ್ಬರ ಬೆನ್ನು ಉಳಿಯಲಿ ಎಂದು ದೂರು ಕೊಡುವುದು ನನ್ನಿಂದ ಆಗುತ್ತಿತ್ತೇ? ಆಗುತ್ತಿರಲಿಲ್ಲ. ಕೆಟ್ಟವಳಾಗುವ ಧೈರ್ಯ ನನಗಿಲ್ಲ.

ಇನ್ನೊಂದು ಸುದ್ದಿ, ನಿದ್ದೆ ಕೆಡಿಸಿರುವುದು ಅದೇ. ನನ್ನ ಮುಂದಿದ್ದ ಇಬ್ಬರಲ್ಲಿ ಒಬ್ಬನಿಗೆ ವ್ಯಾನ್ ಸಿಕ್ಕಿತು, ಇನ್ನೊಬ್ಬಳು ಊರು ಬಿಟ್ಟಳು. ಈಗ ಸರದಿಯಲ್ಲಿ ಮೊದಲ ಹೆಸರು ನನ್ನದು. ಮುಂದಿನ ತಿಂಗಳು ಒಂದು ವ್ಯಾನ್ ಖಾಲಿಯಾಗುತ್ತದಂತೆ. ನಿನ್ನೆ ಅದರ ಬಳಿ ಹೋಗಿ ನಿಂತೆ. ಕನ್ನಡಿ ಸ್ವಲ್ಪ ಸೊಟ್ಟಗಿದೆ. ಗಾಜಿಗೆ ಮುಖವಿಟ್ಟು ಒಳಗೆ ನೋಡಿದೆ, ಸೀಟಿನ ಮೇಲೆ ಬಿಸಿಲು ಬಿದ್ದಿತ್ತು. ಆರು ವರ್ಷ ನಾನು ಕಾದದ್ದು ಅದಕ್ಕೇ.

ಒಂದೇ ಒಂದು ಪದ ಬರೆಯಿರಿ. ಹೂಂ ಅಥವಾ ಬೇಡ. ನಿಮ್ಮ ಮಾತಿನ ಮೇಲೆ ಕಣ್ಣು ಮುಚ್ಚಿ ನಡೆಯುತ್ತೇನೆ.

ನಿಮ್ಮ ಸೊಸೆ

*

ಮಾರ್ಚ್ 12

ಮಗಳೇ,

ಮಗು ನಿನ್ನೆ ನಕ್ಕಿತು. ಹೊಟ್ಟೆಯ ಗಾಳಿಗೆ ನಕ್ಕದ್ದು ಎಂದು ಅಳಿಯ ಹೇಳಿದ. ಗಾಳಿಗೆ ನಗುವವರು ಅವನ ಕಡೆಯವರು, ನಮ್ಮ ಮಗು ನನ್ನನ್ನು ನೋಡಿಯೇ ನಕ್ಕಿತು.

ಸ್ನಾನ ಈಗ ಪೂರ್ತಿ ಇವಳದೇ. ನಾನು ಟವೆಲ್ ಹಿಡಿದು ನಿಲ್ಲುತ್ತೇನೆ.

ಮೇಸ್ತ್ರಿಯ ಮೇಲಿನ ಸಿಟ್ಟು ಇಳಿದಿದೆ. ಆ ಅಂಗಿಯ ತೋಳು ಕತ್ತರಿಸಿ ಅರ್ಧ ತೋಳಿನದು ಮಾಡಿಕೊಟ್ಟೆ.

ನೀನು ಕೇಳಿದ ಒಂದು ಪದ ಈ ಕಾಗದದಲ್ಲಿಲ್ಲ. ಹುಡುಕಬೇಡ. ಕಣ್ಣು ಮುಚ್ಚಿ ನಡೆಯಬೇಡ, ಕಣ್ಣು ಬಿಟ್ಟು ನಡೆ.

ನಿನ್ನ ಅತ್ತೆ

*

ಮಾರ್ಚ್ 30

ಅತ್ತೆ,

ನಿಮ್ಮ ಆ ಕಾಗದದ ಮೇಲೆ ನನಗೆ ಕೆಟ್ಟ ಸಿಟ್ಟು ಬಂದಿತ್ತು. ನಿಮ್ಮ ಮಗನಿಗೆ "ನಿಮ್ಮಮ್ಮ ನಿಮ್ಮ ಹಾಗೇ" ಎಂದೆ. ಅವರು "ನಾನು ಅವಳ ಹಾಗೆ ಅಂತಾರೆ, ಅವಳು ನನ್ನ ಹಾಗೆ ಅನ್ನಲ್ಲ" ಎಂದು ತಿದ್ದಿದರು. ಈಗ ಸಿಟ್ಟಿಲ್ಲ. ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಕಳೆದ ಸೋಮವಾರ ಪಾರ್ಸೆಲ್ಲುಗಳ ಮಳೆ. ಟೈಲರಮ್ಮನ ಪಕ್ಕದ ಲಾರಿಯವನು ಬಂದಿರಲಿಲ್ಲ, ಅವನ ಲಾರಿಯನ್ನೂ ಅವರಿಗೇ ಹಚ್ಚಿದ್ದರು. ಒಬ್ಬರನ್ನು ಕೊಡಿ ಎಂದು ಮ್ಯಾನೇಜರನ್ನು ಕೇಳಿದೆ. ಯಾರೂ ಇಲ್ಲ ಎಂದರು. ಟೈಲರಮ್ಮ ಆ ಲಾರಿಯಿಂದ ಈ ಲಾರಿಗೆ ಓಡಿದರು, ಈ ಲಾರಿಯಿಂದ ಆ ಲಾರಿಗೆ ಓಡಿದರು. ಸ್ವಲ್ಪ ಹೊತ್ತಿಗೆ ಗುಡ್ಡೆ ಎದ್ದಿತು. ನಾನು ಲಾರಿಯ ಬಾಯಲ್ಲಿ ನಿಂತು ನೋಡಿದೆ. ಈ ಸಲ ತಲೆಯ ಬಟ್ಟೆಯೂ ಕಾಣಲಿಲ್ಲ. ಒಂದು ಕೈ ಮಾತ್ರ ಮೇಲೆ ಬಂದು ಬೀಳುತ್ತಿದ್ದ ಪೆಟ್ಟಿಗೆಯೊಂದನ್ನು ತಡೆದು ಹಿಡಿಯಿತು.

ನನ್ನ ಕೈಗಳು ಏನು ಮಾಡಿದವೆಂದು ಕೇಳಬೇಡಿ. ಒಂದನ್ನು ಇನ್ನೊಂದರಿಂದ ಹಿಡಿದುಕೊಂಡಿದ್ದೆ. ಹಾಗೇ ಹಿಡಿದುಕೊಂಡು ಕಂಬದವರೆಗೆ ನಡೆದೆ. ವ್ಯಾನೂ ಕಣ್ಣ ಮುಂದೆ ಬಂತು. ಇವತ್ತೇ ಬೇಡವೆಂದು ಜಾಕೆಟ್ಟು ಬಿಚ್ಚಿಟ್ಟರೆ ಇದು ನನ್ನ ತಲೆನೋವಲ್ಲ, ಮುಂದಿನ ತಿಂಗಳು ನಾನು ಬಿಸಿಲಿನಲ್ಲಿರುತ್ತೇನೆ ಎಂದೂ ಅನಿಸಿತು. ಅನಿಸಿದ್ದು ಅನಿಸಿತು. ಗುಂಡಿ ಒತ್ತಿದೆ.

ಅತ್ತೆ, ಆ ಶೆಡ್ಡು ಅಷ್ಟು ನಿಶ್ಶಬ್ದವಾಗಿರಬಲ್ಲದು ಎಂದು ನನಗೆ ಗೊತ್ತೇ ಇರಲಿಲ್ಲ. ಎಲ್ಲೋ ಮೇಲೆ ಒಂದು ಪಾರಿವಾಳ ರೆಕ್ಕೆ ಬಡಿದದ್ದು ಕೇಳಿಸಿತು. ಒಂದೊಂದು ಲಾರಿಯಿಂದಲೂ ಒಂದೊಂದು ತಲೆ ಹೊರಗೆ ಬಂತು. ನಾನು ವಾಪಸ್ ಹೋಗಿ ಗುಡ್ಡೆಯ ಈಚೆ ನಿಂತು "ಟೈಲರಮ್ಮ, ಏನಾದ್ರೂ ಪೆಟ್ಟಾಯ್ತಾ?" ಎಂದು ಕೇಳಿದೆ. ಆರು ವರ್ಷದಲ್ಲಿ ಪಾಳಿಯ ನಡುವೆ ಅಲ್ಲಿ ನಾನು ಮೆಲ್ಲಗೆ ಮಾತಾಡಿದ್ದು ಅದೇ ಮೊದಲು. ಆಚೆಯಿಂದ "ಇಲ್ಲಮ್ಮ, ಉಸಿರು ತೊಗೊಳ್ತಿದ್ದೀನಿ" ಎಂದರು. ಅವರೂ ಮೆಲ್ಲಗೆ ಹೇಳಿದರು, ಎಲ್ಲರಿಗೂ ಕೇಳಿಸಿತು.

ಮ್ಯಾನೇಜರ್ ಓಡಿ ಬಂದರು. "ಯಾರಿಗೆ ಏನಾಯ್ತು?"

"ಯಾರಿಗೂ ಏನೂ ಆಗಿಲ್ಲ. ಆಗಬಾರದು ಅಂತ ನಿಲ್ಲಿಸಿದೆ."

"ಲಾರಿ ತಡವಾಗುತ್ತೆ ಕಣ್ರೀ."

"ಆಗುತ್ತೆ. ಇಲ್ಲಿಗೆ ಇನ್ನೊಬ್ಬರು ಬೇಕು. ಕೊಡಿ, ಶುರು ಮಾಡ್ತೀನಿ."

ಅವರು ನನ್ನ ಮುಖ ನೋಡಿದರು, ಗುಡ್ಡೆ ನೋಡಿದರು, ತಲೆ ಹೊರಹಾಕಿದ್ದ ಎಲ್ಲರನ್ನೂ ನೋಡಿದರು. ಮೇಸ್ತ್ರಿ ಮಾತ್ರ ತಮ್ಮ ಲಾರಿಯೊಳಗೆ ಬೆನ್ನು ತಿರುಗಿಸಿ ಪೆಟ್ಟಿಗೆ ಜೋಡಿಸುತ್ತಲೇ ಇದ್ದರು. ಯಾರೂ ಇಲ್ಲ ಎಂದಿದ್ದ ಮ್ಯಾನೇಜರ್‌ಗೆ ಪೆಟ್ಟಿಗೆ ಇಳಿಸುವ ಕಡೆಯಿಂದ ಒಬ್ಬ ಸಿಕ್ಕಿದ. ಬೆಲ್ಟು ಶುರು ಮಾಡಿದೆ.

ಪಾಳಿ ಮುಗಿದ ಮೇಲೆ ಕೋಣೆಗೆ ಕರೆದರು. ಈ ಸಲ ಕುರ್ಚಿ ತೋರಿಸಲಿಲ್ಲ, ನಾನೇ ಕೂತೆ. ಮೇಲಿಂದ ಫೋನ್ ಬಂದು ಅವರ ಮುಖ ಇಳಿದಿತ್ತು. ಪಾಪ, ಅವರೂ ಯಾರಿಗೋ ಉತ್ತರ ಹೇಳಬೇಕು.

"ಹೀಗೆ ದಿನಾ ನಿಲ್ಲಿಸಿದ್ರೆ ನನ್ನ ಗತಿ ಏನು?" ಎಂದರು.

"ದಿನಾ ಸಾಕಷ್ಟು ಜನ ಕೊಟ್ರೆ ದಿನಾ ನಿಲ್ಲಿಸೋ ಕೆಲಸವೇ ಇರಲ್ಲ."

ಅವರು ಪೆನ್ನು ಮುಚ್ಚಿಟ್ಟರು. "ತಿಂಗಳ ಕೊನೆಗೆ ಹೇಳಿ ಅಂದಿದ್ದೆ. ಈಗ ಕೇಳೋಕೇ ನನಗೆ ಭಯ. ಆಗ್ತೀರೋ, ವ್ಯಾನ್ ತೊಗೊಳ್ತೀರೋ?"

ಆಗುತ್ತೇನೆ ಎಂದೆ.

ಹೇಳುವವರೆಗೂ ನನಗೇ ಗೊತ್ತಿರಲಿಲ್ಲ ಅತ್ತೆ. ವ್ಯಾನ್ ನನ್ನ ಹಿಂದಿದ್ದವಳಿಗೆ ಹೋಗುತ್ತದೆ. ಅವಳು ಬಂದು ನನ್ನ ಕುತ್ತಿಗೆ ತಬ್ಬಿ ಅತ್ತಳು, ನಾನು ಬೆನ್ನು ತಟ್ಟಿದೆ. ಕನ್ನಡಿ ಸೊಟ್ಟಗಿದೆ, ಮೊದಲ ದಿನವೇ ಸರಿಮಾಡಿಸಿಕೋ ಎಂದೆ. ಅವಳು ಹೋದ ಮೇಲೆ ವ್ಯಾನಿನ ಬಳಿ ಹೋಗಿ ಇನ್ನೊಮ್ಮೆ ಒಳಗೆ ನೋಡಿ ಬಂದೆ. ಚಹಾದ ಬೆಂಚಿನಲ್ಲಿ ನಾನು ಹೋದರೆ ಮಾತು ಈಗಲೂ ನಿಲ್ಲುತ್ತದೆ, ಇನ್ನು ಮುಂದೆಯೂ ನಿಲ್ಲುತ್ತದೆ. ಮೇಸ್ತ್ರಿ ಹೊರಡುವಾಗ ನನ್ನ ಪಕ್ಕ ಹಾದು ಹೋದರು, ಅಷ್ಟೇ. ಮೊದಲು ದಿನಾ ಹೆಗಲಿಗೆ ಒಂದು ಏಟು ಹಾಕಿ ಹೋಗುತ್ತಿದ್ದರು. ಈಗ ಹಾಕಲಿಲ್ಲ, ತಲೆ ಬಾಗಿಸಿ ಹೋದರು.

ಮುಗಿದುಹೋಯಿತು, ಇನ್ನು ಬದಲಿಸಲು ಆಗುವುದಿಲ್ಲ. ಈಗಲಾದರೂ ಹೇಳಿ. ನಿಮ್ಮ ಮನಸ್ಸಿನಲ್ಲಿ ಏನಿತ್ತು?

ನಿಮ್ಮ ಸೊಸೆ

*

ಏಪ್ರಿಲ್ 7

ಮಗಳೇ,

ಹೇಳುತ್ತೇನೆ. ನನ್ನ ಮನಸ್ಸಿನಲ್ಲಿದ್ದದ್ದು ಬೇಡ ಎಂದು. ಮೊದಲ ದಿನದಿಂದಲೂ ಬೇಡ. ಆಫೀಸರ್ ಎಂದು ಪಕ್ಕದ ಮನೆಯಾಕೆಗೆ ಹೇಳಿ ಮನೆಗೆ ಬಂದ ಮೇಲೂ ಬೇಡ.

ಲಾಂಡ್ರಿಯಲ್ಲಿ ನಾನು ನೋಡಿದ ಮೇಲಿನವರೆಲ್ಲ ಬರೀ ಗಂಟಲು. ಒಳ್ಳೆಯ ಹೆಂಗಸರೇ. ನಮ್ಮ ಜೊತೆ ಮೂಟೆ ಹೊತ್ತವರೇ. ಆ ಜಾಗಕ್ಕೆ ಹೋಗಿ ಒಂದು ವರ್ಷವಾಗುವುದರೊಳಗೆ ಗಂಟಲೊಂದೇ ಉಳಿಯುತ್ತಿತ್ತು. ನೀನು ಉಪ್ಪು ಕೇಳಿದರೆ ಅವನು ಬೆಚ್ಚಿಬೀಳುತ್ತಾನೆ ಎಂದು ಬರೆದೆಯಲ್ಲ, ಅದನ್ನು ಓದಿ ನನಗೆ ನಗು ಬರಲಿಲ್ಲ. ಹೋಯಿತು, ನನ್ನ ಸೊಸೆಯೂ ಹೋದಳು ಎಂದುಕೊಂಡೆ. ನೀನು ವ್ಯಾನ್ ಓಡಿಸಬೇಕು, ಬಿಸಿಲಲ್ಲಿ ಬೀದಿ ಬೀದಿ ಸುತ್ತಿ ಜನರ ಬಾಗಿಲು ತಟ್ಟಿ ನಗುತ್ತಾ ಬರಬೇಕು, ನನಗೆ ಬೇಕಾಗಿದ್ದದ್ದು ಅದು. ಬೇಡ ಎಂಬ ಪದ ಪ್ರತಿ ಕಾಗದದಲ್ಲೂ ಪೆನ್ನಿನ ತುದಿಗೆ ಬಂತು. ಕೈ ತೊಡೆಯ ಕೆಳಗಿಟ್ಟು ಕೂತೆ.

ನಾನು ಬರೆದಿದ್ದರೆ ನೀನು ಕೇಳುತ್ತಿದ್ದೆ. ಅದೇ ನನಗೆ ಈಗ ನೆನೆದರೆ ಎದೆ ಝಲ್ಲೆನ್ನುವುದು. ನೀನು ನನ್ನ ಮಾತು ಕೇಳಿ ಜಾಕೆಟ್ಟು ಬಿಚ್ಚಿಡುತ್ತಿದ್ದೆ, ಆ ಸೋಮವಾರ ಕಂಬದ ಬಳಿ ಯಾರೂ ಇರುತ್ತಿರಲಿಲ್ಲ.

ಮೂವತ್ತು ವರ್ಷ ಮಗಳೇ. ಬಿಸಿ ಬಟ್ಟೆ ಉಸಿರು ಕಟ್ಟಿಸಿದ ದಿನ, ನನ್ನ ಜೊತೆಯವಳು ಎದೆ ಹಿಡಿದುಕೊಂಡು ಕುಸಿದ ದಿನ, ಗರ್ಭಿಣಿಯರು ಗೋಡೆಗೆ ಒರಗಿದ ದಿನ. ನಮಗಾಗಿ ಯಾರೂ ಒಂದು ಸಲವೂ ಮೆಷಿನ್ನು ನಿಲ್ಲಿಸಲಿಲ್ಲ. ನಿಲ್ಲಿಸಬಹುದು ಎಂದು ನಮಗೂ ಹೊಳೆದಿರಲಿಲ್ಲ. ನಿನ್ನ ಬಗ್ಗೆ ನನಗೆ ಎಷ್ಟು ಹೆಮ್ಮೆ ಎಂದು ಬರೆಯಲು ಹೋದರೆ ಈ ಹಾಳೆ ಸಾಲದು. ಬರೆದು ಅಭ್ಯಾಸವೂ ಇಲ್ಲ.

ನಿನ್ನ ವ್ಯಾನ್ ಹೋಯಿತೆಂದು ನನಗೂ ಹೊಟ್ಟೆ ಉರಿಯುತ್ತಿದೆ. ಉರಿಯಲಿ. ಅದನ್ನು ಸಮಾಧಾನ ಮಾಡುವುದಿಲ್ಲ.

ಕಾಗದವನ್ನು ಕಣ್ಣಲ್ಲಿ ನಾಲ್ಕು ಸಲ ಓದಿದೆ. ಸಾಕಾಗಲಿಲ್ಲ. ನಿನ್ನ ನಾದಿನಿಯನ್ನು ಕೂರಿಸಿಕೊಂಡು, ಬೆಲ್ಟು ನಿಂತ ಮೇಲೆ ನೀನು ಟೈಲರಮ್ಮನನ್ನು ಕೇಳಿದೆಯಲ್ಲ, ಆ ಜಾಗವನ್ನು ನನ್ನ ಕಿವಿಯಲ್ಲಿ ಓದು ಎಂದೆ. "ಗಟ್ಟಿಯಾಗಿ ಓದಿದ್ರೆ ಮಗು ಏಳುತ್ತಮ್ಮ, ಈಗ ತಾನೇ ಮಲಗಿದೆ" ಎಂದಳು.

ಎದ್ದರೆ ಏಳಲಿ, ಓದು ಎಂದೆ.

ನಿನ್ನ ಅತ್ತೆ